ಇಲ್ಲದ್ದನ್ನು ಮಾರುವವರು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಆತುರಗಾರರನ್ನು ನಮ್ಮಲ್ಲಿ ಹಾಸ್ಯ ಮಾಡುವುದುಂಟು. ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮವನ್ನು ಮಾರಿದರು ಎಂಬ ಮಾತು ಇಂಗ್ಲಿಷರಲ್ಲಿ ಇದ್ದಿತು. ಷೇರುಪೇಟೆಯಲ್ಲಿ ಬೆಲೆ ಇಳಿಯುವುದೆಂದು ನಂಬಿ ವ್ಯವಹರಿಸುವವನಿಗೆ ‘ಕರಡಿ’ ಎಂಬ ಹೆಸರು ಬಂದದ್ದು ಈ ಮಾತಿನಿಂದಲೇ ಎಂದು ಹೇಳುತ್ತಾರೆ. ಏಕೆಂದರೆ ಅವನು ಮಾರುವುದು ತನ್ನ ಕೈಯಲ್ಲಿ ಇಲ್ಲದ ಷೇರನ್ನು. ಮುಂಬಯಿಯ ಪೇಟೆಯಲ್ಲಿ ಬೆಲೆಯ ಏರಿಕೆಗೆ ‘ತೇಜಿ’ ಎಂದೂ ಇಳಿಕೆಗೆ ‘ಮಂದಿ’ ಎಂದೂ ಹೆಸರು. ಆದುದರಿಂದ ಅಲ್ಲಿ ಇವನು ಮಂದಿವಾಲಾ. ಕನ್ನಡದ ಮಂದಿಗೂ ಈ ಮಂದಿಗೂ ಯಾವ ನಂಟೂ ಇಲ್ಲ; ಮಂದಿವಾಲಾ ಸಾಮಾನ್ಯವಾಗಿ ಒಂಟಿ ಮನುಷ್ಯ. ಪೇಟೆಯೆಲ್ಲ ಏರುತ್ತಿರಲೆಂದು ಹಾರೈಸುವಾಗ ಇಳಿಯಲೆಂದು ಕಾಯುವವನಿಗೆ ಸ್ನೇಹಿತರು ಎಲ್ಲಿಂದ ಬರಬೇಕು?

ಈ ಪದ್ಧತಿಗೆ ‘ಶಾರ್ಟ್ ಸೆಲ್ಲಿಂಗ್’ ಎಂದು ಹೆಸರು. ಅರ್ಥಶಾಸ್ತ್ರದ ತರಗತಿಯಲ್ಲಿ ಇದನ್ನು ಕೇಳಿ ರಜೆಗೆ ಊರಿಗೆ ಹೋದಾಗ, ಕಲಿತದ್ದನ್ನು ಹೇಳಿಕೊಳ್ಳುವ ಹುಮ್ಮಸ್ಸಿನಲ್ಲಿ ನಮ್ಮ ತಂದೆಯವರಿಗೆ ವಿವರಿಸಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಲ್ಲವನ್ನೂ ಕೇಳಿ, “ಅಲ್ಲ ಕಣಪ್ಪ, ಇಲ್ಲದ್ದನ್ನ ಮಾರೋದು ಅಂದ್ರೆ ಅದು ಮೋಸ ಅಲ್ವೇನಪ್ಪ?” ಎಂದರು. ನಾನು ಏನೋ ಉತ್ತರ ಕೊಟ್ಟೆ. ಅದು ಅವರಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಓದಿದುದರ ಫಲ.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ನಮ್ಮ ಅಡಿಗೆಮನೆಯಲ್ಲಿ. ಹಿಟ್ಟು ಮುಗಿದ ದಿನ ಅಜ್ಜಿ ಪಕ್ಕದ ಮನೆಯಿಂದ ಒಂದು ಸೇರು ರಾಗಿಹಿಟ್ಟನ್ನು ಕಡ ತರುತ್ತಾರೆ. ಮಿಲ್ಲಿಗೆ ಹೋಗಿ ಬಂದ ಮೇಲೆ ಅದೇ ಸೇರಿನಲ್ಲಿ ಅಳೆದು ಹಿಂದಿರುಗಿಸುತ್ತಾರೆ. ನಮ್ಮ ಹಿಟ್ಟನ್ನೇ ಕೊಡಿ ಎಂದು ಕೊಟ್ಟವರು ಕೇಳುವುದಿಲ್ಲ. ಅದನ್ನು ನಾವು ಅಂದೇ ಮುದ್ದೆ ಮಾಡಿ ಉಂಡಿರುತ್ತೇವೆ. ಉಳುಮೆಗೆಂದು ಎರವಲು ತಂದ ಎತ್ತಿನ ಸಂಗತಿ ಹೀಗಲ್ಲ. ಅದೇ ಎತ್ತನ್ನೇ ಸಂಜೆ ಅವರ ಕೊಟ್ಟಿಗೆಗೆ ಕಟ್ಟಬೇಕು. ಎರವಲು ತಂದ ಎತ್ತನ್ನು ಸಂತೆಯಲ್ಲಿ ಮಾರಿದರೆ ಅದು ಕಳ್ಳತನ. ಕಡ ತಂದ ರಾಗಿಯನ್ನು ಮಾರಿದರೆ ಕಳ್ಳತನವಲ್ಲ, ಅಳತೆಗೆ ಸರಿಯಾಗಿ ಹಿಂದಿರುಗಿಸಿದರಾಯಿತು. ಷೇರು ಎಂಬುದು ಎತ್ತಿನ ಜಾತಿಯದಲ್ಲ, ರಾಗಿಯ ಜಾತಿಯದು. ಒಂದು ಕಂಪನಿಯ ಒಂದು ಷೇರಿಗೂ ಅದೇ ಬಗೆಯ ಇನ್ನೊಂದು ಷೇರಿಗೂ ಭೇದವಿಲ್ಲ. ಶಾರ್ಟ್ ಸೆಲ್ಲಿಂಗಿನ ಕಟ್ಟಡವೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ.

ಲೆಕ್ಕವನ್ನೂ ರಾಗಿಯಲ್ಲಿಯೇ ಮಾಡೋಣ. ಒಬ್ಬನು ಬೇಸಗೆಯಲ್ಲಿ ಹತ್ತು ಮೂಟೆ ರಾಗಿಯನ್ನು ಕಡ ತಂದು, ಸುಗ್ಗಿಯಲ್ಲಿ ಹನ್ನೊಂದು ಮೂಟೆಯಾಗಿ ಹಿಂದಿರುಗಿಸುತ್ತೇನೆಂದು ಒಪ್ಪಿದನೆನ್ನಿ. ಅಂದಿನ ಬೆಲೆ ಮೂಟೆಗೆ 4,000 ರೂಪಾಯಿ. ತಂದುದನ್ನು ಮನೆಯಲ್ಲಿಡದೆ ಅಂದೇ ಮಾರಿದನು. ಕೈಗೆ 40,000 ಬಂದಿತು. ಸುಗ್ಗಿಯಲ್ಲಿ ಬೆಲೆ 3,000ಕ್ಕೆ ಇಳಿದರೆ ಹನ್ನೊಂದು ಮೂಟೆಯನ್ನು 33,000ಕ್ಕೆ ಕೊಂಡು ಕಡ ತೀರಿಸಿ 7,000 ಉಳಿಸಿಕೊಳ್ಳುತ್ತಾನೆ. ಆದರೆ ಮಳೆ ಕೈಕೊಟ್ಟು ಬೆಲೆ 6,000ಕ್ಕೆ ಏರಿತೆನ್ನಿ. ಹನ್ನೊಂದು ಮೂಟೆಗೆ 66,000 ಬೇಕು, ನಷ್ಟ 26,000. ಬೆಲೆ ಇನ್ನೂ ಏರಿದರೆ ನಷ್ಟವೂ ಏರುತ್ತಲೇ ಹೋಗುತ್ತದೆ. ರಾಗಿ ಪುಕ್ಕಟೆಯಾದರೂ ಅವನ ಲಾಭ 40,000ವನ್ನು ಮೀರಲಾರದು. ನಷ್ಟಕ್ಕೆ ಮಾತ್ರ ಮೇಲುಮಿತಿಯಿಲ್ಲ. ಷೇರನ್ನು ಕೊಂಡು ಇಟ್ಟುಕೊಂಡವನು ಹೆಚ್ಚೆಂದರೆ ಕೊಟ್ಟ ಹಣವನ್ನು ಕಳೆದುಕೊಂಡಾನು. ಇಲ್ಲದ್ದನ್ನು ಮಾರಿದವನು ಕೈಯಲ್ಲಿ ಎಂದೂ ಇಲ್ಲದಿದ್ದ ಹಣವನ್ನೂ ಕಳೆದುಕೊಳ್ಳಬಲ್ಲ.

ಹಾಗಿದ್ದರೂ ಈ ಕೆಲಸಕ್ಕೆ ಜನ ಇಳಿದದ್ದು ಇಂದು ನಿನ್ನೆಯಲ್ಲ. ಷೇರುಪೇಟೆಯೊಂದಿಗೇ ಇದೂ ಹುಟ್ಟಿತೆನ್ನಬಹುದು. 1602ರಲ್ಲಿ ಹಾಲೆಂಡಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯು ಸ್ಥಾಪನೆಯಾಯಿತು. (ಅದೇ ಶತಮಾನದಲ್ಲಿ ಮುಂದೆ ನಮ್ಮ ಕರಾವಳಿಯ ಬಸರೂರಿನಲ್ಲಿಯೂ ಕೋಠಿಯನ್ನು ಇಟ್ಟ ಕಂಪನಿ ಇದೇ.) ಅದರ ಷೇರುಗಳು ಆಮ್‌ಸ್ಟರ್‌ಡಾಮಿನಲ್ಲಿ ಕೈಯಿಂದ ಕೈಗೆ ಮಾರಾಟವಾಗತೊಡಗಿದವು. ಆರಂಭದಲ್ಲಿ ದೊಡ್ಡ ಬಂಡವಾಳ ಹಾಕಿದವರಲ್ಲಿ ಇಸಾಕ್ ಲ ಮೇರ್ ಎಂಬ ವರ್ತಕನು ಒಬ್ಬನು, ನಿರ್ದೇಶಕನೂ ಆಗಿದ್ದನು. ಖರ್ಚುವೆಚ್ಚದ ವಿಷಯದಲ್ಲಿ ಜಗಳವಾಗಿ 1605ರಲ್ಲಿ ಹೊರಬಿದ್ದನು. ಹಗೆ ಆರಲಿಲ್ಲ. 1609ರಲ್ಲಿ ಕೆಲವರನ್ನು ಜೊತೆಗೂಡಿಸಿಕೊಂಡು ಗುಟ್ಟಾಗಿ ಒಂದು ಕೂಟವನ್ನು ಕಟ್ಟಿ, ತಮ್ಮಲ್ಲಿ ಇಲ್ಲದ ಕಂಪನಿಯ ಷೇರುಗಳನ್ನು ಮುಂದೊಂದು ದಿನ ಕೊಡುತ್ತೇವೆಂಬ ಕರಾರಿನ ಮೇಲೆ ಮಾರಲಾರಂಭಿಸಿದನು. ಬೆಲೆ ಇಳಿಯಿತು.

ಕಂಪನಿಯ ನಿರ್ದೇಶಕರು ಸರ್ಕಾರಕ್ಕೆ ದೂರು ಕೊಟ್ಟರು. ವಿಧವೆಯರೂ ಅನಾಥ ಮಕ್ಕಳೂ ಇದರಿಂದ ಹಾಳಾಗುತ್ತಿದ್ದಾರೆಂಬುದು ಅವರ ಮುಖ್ಯ ವಾದ. ಎದುರುಪಕ್ಷದ ವರ್ತಕರು ಕೊಟ್ಟ ಉತ್ತರವು ನನಗೆ ಬಹಳ ಹಿಡಿಸಿತು: ಬೆಲೆ ಇಳಿದಿರುವುದು ನಾವು ಮಾರಿದ್ದರಿಂದಲ್ಲ, ನೀವು ಕಂಪನಿಯನ್ನು ನಡೆಸುತ್ತಿರುವ ರೀತಿಯಿಂದ ಎಂಬುದು ಅದರ ತಾತ್ಪರ್ಯ. ಇದು ಬರಿಯ ಬಾಯಿಮಾತಲ್ಲ. ಕಂಪನಿಯು ಅದುವರೆಗೆ ಷೇರುದಾರರಿಗೆ ಒಂದು ಕಾಸಿನ ಲಾಭಾಂಶವನ್ನೂ ಹಂಚಿರಲಿಲ್ಲ. ಆದರೆ ಸರ್ಕಾರವು ಕಂಪನಿಯ ಕಡೆ ನಿಂತಿತು. ಕೈಯಲ್ಲಿ ಇಲ್ಲದ ಷೇರನ್ನು ಮಾರಕೂಡದೆಂದು ಫೆಬ್ರವರಿ 1610ರಲ್ಲಿ ಆಜ್ಞೆ ಹೊರಟಿತು. ಅದೇ ವರ್ಷ ಕಂಪನಿಯು ಮೊದಲ ಲಾಭಾಂಶವನ್ನು ಹಂಚಿತು, ಅದೂ ಬಹುಪಾಲು ಹಣದಲ್ಲಲ್ಲ, ಜಾಪತ್ರೆಯಲ್ಲಿ! ಬೆಲೆ ಮತ್ತೆ ಏರಿ ಲ ಮೇರನ ಕೂಟದವರು ನಷ್ಟಕ್ಕೆ ಸಿಕ್ಕರು, ಕೆಲವರು ದಿವಾಳಿಯಾದರು. ಅಂದಿನ ಆಜ್ಞೆಯನ್ನು ಮಾತ್ರ ಮುಂದೆ ಮತ್ತೆ ಮತ್ತೆ ಹೊರಡಿಸಬೇಕಾಯಿತು. ಅದನ್ನು ಜನ ಎಷ್ಟರಮಟ್ಟಿಗೆ ಪಾಲಿಸಿದರೆಂಬುದು ಇದರಿಂದಲೇ ತಿಳಿಯುತ್ತದೆ.

ಈ ಒಂದು ಜಗಳದಲ್ಲಿಯೇ ಮುಂದಿನ ನಾಲ್ಕು ನೂರು ವರ್ಷಗಳ ವಾದವೆಲ್ಲ ಅಡಗಿದೆ ಎಂದು ನನಗೆ ತೋರುತ್ತದೆ. ಇಂಗ್ಲೆಂಡು 1734ರಲ್ಲಿ ಇಂಥದೇ ಕಾಯಿದೆಯನ್ನು ಮಾಡಿ 1860ರಲ್ಲಿ ತೆಗೆದುಹಾಕಿತು. ಅಮೆರಿಕವು 2008ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳು ಕುಸಿಯುತ್ತಿದ್ದಾಗ ಸುಮಾರು 800 ಹಣಕಾಸಿನ ಸಂಸ್ಥೆಗಳ ಷೇರುಗಳನ್ನು ಹೀಗೆ ಮಾರುವುದನ್ನು ಕೆಲವು ವಾರಗಳ ಕಾಲ ನಿಷೇಧಿಸಿತು. ಬೆಲೆಗಳು ನಿಷೇಧದ ನಡುವೆಯೂ ಇಳಿಯುತ್ತಲೇ ಹೋದವು. ಜ್ವರಮಾಪಕವನ್ನು ಒಡೆದರೆ ಜ್ವರ ಬಿಡುವುದೇ?

ಆದರೆ ಜ್ವರಮಾಪಕ ಹಿಡಿದವರೆಲ್ಲ ವೈದ್ಯರೂ ಅಲ್ಲ. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಮುರಿದು ಬಿದ್ದಾಗ ಆಲ್ಬರ್ಟ್ ವಿಗ್ಗಿನ್ ಎಂಬವನು ಚೇಸ್ ನ್ಯಾಷನಲ್ ಬ್ಯಾಂಕಿನ ಮುಖ್ಯಸ್ಥನಾಗಿದ್ದನು. ಪೇಟೆಯನ್ನು ಎತ್ತಿ ನಿಲ್ಲಿಸುತ್ತೇವೆಂದು ಜನಕ್ಕೆ ಧೈರ್ಯ ಹೇಳಿದ ಬ್ಯಾಂಕರುಗಳಲ್ಲಿ ಅವನೂ ಒಬ್ಬನು. ಅದೇ ವೇಳೆಯಲ್ಲಿ ತನ್ನ ಮನೆಯವರ ಕಂಪನಿಗಳ ಮೂಲಕ ತನ್ನ ಬ್ಯಾಂಕಿನ ಷೇರುಗಳನ್ನೇ ಶಾರ್ಟ್ ಮಾಡಿ 40 ಲಕ್ಷ ಡಾಲರಿಗೂ ಹೆಚ್ಚು ಲಾಭ ಮಾಡಿಕೊಂಡನು. ಇದು ಸೆನೆಟ್ಟಿನ ವಿಚಾರಣೆಯಲ್ಲಿ 1933ರಲ್ಲಿ ಹೊರಬಿದ್ದಿತು. ಅಂದಿನ ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲವೆಂದು ಓದಿದಾಗ ನನಗೆ ಸೋಜಿಗವಾಯಿತು. ಕಂಪನಿಯ ಅಧಿಕಾರಿಗಳು ತಮ್ಮ ಕಂಪನಿಯ ಷೇರನ್ನೇ ಹೀಗೆ ಮಾರಕೂಡದೆಂಬ ಕಟ್ಟಳೆ ಬಂದದ್ದು 1934ರಲ್ಲಿ. ಮನೆಗೆ ಬೆಂಕಿ ಬಿದ್ದಿದೆಯೆಂದು ಹೊರಗಿನಿಂದ ಕೂಗಿದವನ ಪೈಕಿ ಅಲ್ಲ ವಿಗ್ಗಿನ್. ಒಳಗೆ ಹೊಗೆ ಕಂಡು, ಹೊರಗೆ ಬಂದು, ಏನೂ ಇಲ್ಲ ಒಳಗೆ ಹೋಗಿ ಎಂದವನು.

ಹೊರಗಿನಿಂದ ಕೂಗಿದವರ ಕಥೆಗಳೂ ಇವೆ. ಅಮೆರಿಕದ ಎನ್ರಾನ್ ಕಂಪನಿಯ (ಮಹಾರಾಷ್ಟ್ರದ ದಾಭೋಳದಲ್ಲಿ ವಿದ್ಯುತ್ ಸ್ಥಾವರ ಕಟ್ಟಿದ ಎನ್ರಾನೇ) ಷೇರು 2000ದ ಆಗಸ್ಟಿನಲ್ಲಿ 90 ಡಾಲರಿನ ಆಸುಪಾಸಿನಲ್ಲಿದ್ದಿತು. ಜೇಮ್ಸ್ ಚಾನೋಸ್ ಎಂಬಾತ ಅದರ ಲೆಕ್ಕಪತ್ರಗಳನ್ನು ಕುಳಿತು ಓದಿದನು. ದೀರ್ಘಕಾಲದ ಕರಾರುಗಳಿಂದ ಮುಂದೆಂದೋ ಬರಬಹುದಾದ ಲಾಭವನ್ನು ಕಂಪನಿಯು ಈಗಲೇ ಬಂದಂತೆ ಬರೆದುಕೊಳ್ಳುತ್ತಿದ್ದುದನ್ನೂ, ಹಾಗೆ ಬರೆದುಕೊಂಡರೂ ಹೂಡಿದ ಬಂಡವಾಳದ ಮೇಲೆ ನೂರಕ್ಕೆ ಏಳರಷ್ಟು ಮಾತ್ರ ಹುಟ್ಟುತ್ತಿದ್ದುದನ್ನೂ ಕಂಡನು. ಅದೇ ವರ್ಷದ ಕೊನೆಯಲ್ಲಿ ಷೇರನ್ನು ಶಾರ್ಟ್ ಮಾಡಲಾರಂಭಿಸಿದನು. ಡಿಸೆಂಬರ್ 2001ರಲ್ಲಿ ಎನ್ರಾನ್ ದಿವಾಳಿಯಾಯಿತು. ಅದರ ಲೆಕ್ಕವನ್ನು ತಪಾಸಣೆ ಮಾಡಿ ಸಹಿ ಹಾಕುತ್ತಿದ್ದವರು ಆರ್ಥರ್ ಆಂಡರ್ಸನ್ ಎಂಬ ಘನವಾದ ಸಂಸ್ಥೆಯವರು.

ಜರ್ಮನಿಯ ವೈರ್‌ಕಾರ್ಡಿನ ಕಥೆ ಇನ್ನೂ ವಿಚಿತ್ರ. ಹಣ ಪಾವತಿಯ ವ್ಯವಹಾರ ಮಾಡುತ್ತಿದ್ದ ಈ ಕಂಪನಿಯ ಲೆಕ್ಕ ಸರಿಯಿಲ್ಲವೆಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಬರೆಯುತ್ತ ಬಂದಿತು. ಶಾರ್ಟ್ ಮಾರುವವರೂ ಮುಗಿಬಿದ್ದರು. ಫೆಬ್ರವರಿ 2019ರಲ್ಲಿ ಜರ್ಮನಿಯ ನಿಯಂತ್ರಕ ಸಂಸ್ಥೆಯು ಏನು ಮಾಡಿತು? ವೈರ್‌ಕಾರ್ಡಿನ ಷೇರುಗಳನ್ನು ಹೀಗೆ ಮಾರುವುದನ್ನು ಎರಡು ತಿಂಗಳ ಕಾಲ ನಿಷೇಧಿಸಿತು. ಅಷ್ಟು ಸಾಲದೆಂದು ಬರೆದ ಪತ್ರಕರ್ತರ ಮೇಲೆಯೇ ಫಿರ್ಯಾದು ಕೊಟ್ಟಿತು. ಜೂನ್ 2020ರಲ್ಲಿ ಕಂಪನಿಯ ಲೆಕ್ಕದಲ್ಲಿದ್ದ 190 ಕೋಟಿ ಯೂರೋ ಎಲ್ಲಿಯೂ ಇಲ್ಲವೆಂದು ಗೊತ್ತಾಗಿ, ಕೆಲವೇ ದಿನಗಳಲ್ಲಿ ಅದು ದಿವಾಳಿಯಾಯಿತು. ಇಲ್ಲದ ಷೇರನ್ನು ಮಾರಿದವರನ್ನು ತಡೆದ ನಿಯಂತ್ರಕರ ಕಣ್ಣಿಗೆ ಇಲ್ಲದ ಹಣವನ್ನು ಇದೆಯೆಂದು ಬರೆದವರು ಬೀಳಲಿಲ್ಲ. ಇವರಿಬ್ಬರಲ್ಲಿ ಇಲ್ಲದ್ದನ್ನು ನಿಜವಾಗಿ ಮಾರಿದವರು ಯಾರು ಎಂದು ನಮ್ಮ ತಂದೆಯವರನ್ನು ಕೇಳಬೇಕೆಂದು ನನಗೆ ಆಗಲೇ ಅನ್ನಿಸಿತು.

ಇಷ್ಟು ಹೇಳಿದ ಮಾತ್ರಕ್ಕೆ ಈ ಕಸುಬಿನಲ್ಲಿ ಸತ್ಯ ಕಂಡವನೇ ಗೆಲ್ಲುತ್ತಾನೆಂದು ಯಾರೂ ತಿಳಿಯಬಾರದು. ಕಡವನ್ನು ತೀರಿಸಲು ರಾಗಿ ಬೇಕು. ಊರಿನ ರಾಗಿಯನ್ನೆಲ್ಲ ಒಬ್ಬನೇ ಕಣಜಕ್ಕೆ ತುಂಬಿಕೊಂಡು ಬೀಗ ಹಾಕಿದರೆ ಗತಿಯೇನು? 2008ರ ಅಕ್ಟೋಬರಿನಲ್ಲಿ ಜಗತ್ತಿನ ಪೇಟೆಗಳೆಲ್ಲ ಕುಸಿಯುತ್ತಿದ್ದಾಗ ಜರ್ಮನಿಯ ಫೋಕ್ಸ್‌ವ್ಯಾಗನ್ ಮೋಟಾರು ಕಂಪನಿಯ ಷೇರೂ ಇಳಿಯಲೇಬೇಕೆಂದು ಬಹುಮಂದಿ ಅದನ್ನು ಕಡ ತಂದು ಮಾರಿದ್ದರು. ಹೀಗೆ ಮಾರಿದ್ದು ಕಂಪನಿಯ ಒಟ್ಟು ಷೇರುಗಳಲ್ಲಿ ನೂರಕ್ಕೆ ಹನ್ನೆರಡರಷ್ಟು. ಅಕ್ಟೋಬರ್ 26, ಭಾನುವಾರ, ಪೋರ್ಷೆ ಕಂಪನಿಯು ಒಂದು ಪ್ರಕಟಣೆ ಕೊಟ್ಟಿತು: ಷೇರುಗಳಲ್ಲಿ ನೂರಕ್ಕೆ 42.6 ತನ್ನ ಕೈಯಲ್ಲಿವೆ, ಇನ್ನೂ 31.5ಕ್ಕೆ ಆಪ್ಷನ್ ಕರಾರುಗಳಿವೆ. ಲೋವರ್ ಸ್ಯಾಕ್ಸನಿ ಎಂಬ ಜರ್ಮನ್ ರಾಜ್ಯದ ಸರ್ಕಾರದ ಬಳಿ ಸುಮಾರು ಇಪ್ಪತ್ತು ಇದ್ದುವು, ಅವು ಮಾರಾಟಕ್ಕಿಲ್ಲ. ಉಳಿದದ್ದು ಲೆಕ್ಕ ಹಾಕಿ ನೋಡಿ: ನೂರಕ್ಕೆ ಆರು ಕೂಡ ಇಲ್ಲ! ಹನ್ನೆರಡು ಹಿಂದಿರುಗಿಸಬೇಕು, ಪೇಟೆಯಲ್ಲಿ ಸಿಗುವುದು ಆರು. ಸೋಮವಾರ ಬೆಳಗಾಗುತ್ತಲೇ ಕಡಗಾರರು ಒಬ್ಬರ ಮೇಲೊಬ್ಬರು ಬಿದ್ದು ಕೊಳ್ಳತೊಡಗಿದರು. ಶುಕ್ರವಾರ 210 ಯೂರೋ ಇದ್ದ ಷೇರು ಮಂಗಳವಾರ 1,000ವನ್ನು ದಾಟಿತು. ಕೆಲವು ಗಂಟೆಗಳ ಕಾಲ ಫೋಕ್ಸ್‌ವ್ಯಾಗನ್ ಜಗತ್ತಿನಲ್ಲಿಯೇ ಅತ್ಯಂತ ಬೆಲೆಬಾಳುವ ಕಂಪನಿಯೆನಿಸಿತು. ಅದರ ಕಾರುಗಳು ಹಿಂದಿನ ವಾರದಷ್ಟೇ ಮಾರುತ್ತಿದ್ದವು; ಏರಿದ್ದು ಕಂಪನಿಯ ಯೋಗ್ಯತೆಯಲ್ಲ, ಸಿಕ್ಕಿಬಿದ್ದವರ ಆರ್ತನಾದ. ಬೆಲೆ ಬೇಗನೆ ಇಳಿಯಿತು. ಇಳಿಯುವುದೆಂದು ನಂಬಿದವರ ನಂಬಿಕೆ ತಪ್ಪಾಗಿರಲಿಲ್ಲವೆನ್ನಿ. ಆದರೆ ಮಂಗಳವಾರವೇ ಕೊಂಡುಕೊಳ್ಳಬೇಕಾಗಿ ಬಂದವನಿಗೆ ಆ ನಂಬಿಕೆಯಿಂದ ಏನು ಪ್ರಯೋಜನ?

ಮುಂಬಯಿಯೂ ಇಂಥದನ್ನು ಕಂಡಿದೆ. ಅಲ್ಲಿ ‘ಬದ್ಲಾ’ ಎಂಬ ಪದ್ಧತಿ ಇದ್ದಿತು. ವಾಯಿದೆಯ ದಿನ ಬಂದಾಗ ಕೊಂಡವನಲ್ಲಿ ಹಣವಿಲ್ಲದಿದ್ದರೆ, ಅಥವಾ ಮಾರಿದವನಲ್ಲಿ ಷೇರು ಇಲ್ಲದಿದ್ದರೆ, ಒಂದಿಷ್ಟು ಹಣ ತೆತ್ತು ವ್ಯವಹಾರವನ್ನು ಮುಂದಿನ ವಾಯಿದೆಗೆ ದೂಡಬಹುದಾಗಿತ್ತು. 1982ರಲ್ಲಿ ಕಲ್ಕತ್ತೆಯ ಕಡೆಯ ಮಂದಿವಾಲಾಗಳ ಕೂಟವು ರಿಲಯನ್ಸ್ ಷೇರನ್ನು ಹೀಗೆ ಮಾರಿ ಬೆಲೆಯನ್ನು ಇಳಿಸಹೊರಟಿತು. ರಿಲಯನ್ಸಿನ ಪರವಾದ ದಲ್ಲಾಳಿಗಳು ಬಂದ ಷೇರನ್ನೆಲ್ಲ ಕೊಳ್ಳುತ್ತ ಹೋಗಿ, ವಾಯಿದೆಯ ದಿನ, ಮುಂದೂಡಿಕೆ ಬೇಡ, ಷೇರನ್ನೇ ತನ್ನಿ ಎಂದು ಪಟ್ಟು ಹಿಡಿದರು. ತರುವುದೆಲ್ಲಿಂದ? ಬೆಲೆ ಗಗನಕ್ಕೆ ಏರಿ, ಬಿಕ್ಕಟ್ಟು ಬಗೆಹರಿಯುವವರೆಗೆ ಮುಂಬಯಿ ಷೇರುಪೇಟೆಯ ಬಾಗಿಲನ್ನೇ ಕೆಲವು ದಿನ ಮುಚ್ಚಬೇಕಾಯಿತು. 2001ರ ಮಾರ್ಚಿನ ಕುಸಿತದಲ್ಲಿ ಸೆಬಿಯು ಶಾರ್ಟ್ ಮಾರಾಟವನ್ನು ನಿಷೇಧಿಸಿತು; ಅದೇ ಜುಲೈಯಲ್ಲಿ ಬದ್ಲಾ ಪದ್ಧತಿಯೂ ಕೊನೆಗೊಂಡಿತು. ಏಪ್ರಿಲ್ 2008ರಿಂದ ಷೇರನ್ನು ಕ್ರಮವಾಗಿ ಕಡ ಕೊಡುವ, ಕಡ ಪಡೆಯುವ ಏರ್ಪಾಟು ಬಂದಿದೆ. ಕಡವನ್ನೂ ತರದೆ, ಕೊಡುವ ದಾರಿಯೂ ಇಲ್ಲದೆ ಮಾರುವುದಕ್ಕೆ ನಮ್ಮಲ್ಲಿ ಅವಕಾಶವಿಲ್ಲ.

ಆದರೆ ಒಂದು ಸಣ್ಣ ಬಾಗಿಲು ತೆರೆದಿದೆ. ಬೆಳಿಗ್ಗೆ ಮಾರಿ, ಪೇಟೆ ಮುಚ್ಚುವ ಮೊದಲು ಅಂದೇ ಕೊಂಡು ಲೆಕ್ಕ ಚುಕ್ತಾ ಮಾಡಬಹುದು. ನಮ್ಮ ಕಾಲೇಜಿನ ಹಿಂದಿನ ಬೆಂಚುಗಳಲ್ಲಿ ಮೊಬೈಲಿನೊಳಗೆ ನಡೆಯುವುದು ಇದೇ. ಯಾರನ್ನೂ ಆಕ್ಷೇಪಿಸುವ ಅಧಿಕಾರ ನನಗಿಲ್ಲ, ಏಕೆಂದರೆ ಎನ್ರಾನಿನ ಕಥೆ ಓದಿ ನಾನೂ ಒಬ್ಬ ಚಾನೋಸ್ ಎಂದುಕೊಂಡವನು ನಾನು. ಕಳೆದ ವರ್ಷ ಒಂದು ಬೆಳಿಗ್ಗೆ ಒಂದು ಸಣ್ಣ ಕಂಪನಿಯ 60 ಷೇರುಗಳನ್ನು 82 ರೂಪಾಯಿಯಂತೆ ಮಾರಿದೆ. ಹಿಂದಿನ ದಿನದ ಬೆಲೆ 80. ಅಂದು ಅದು 88ನ್ನು ಮೀರಿ ಏರುವಂತಿಲ್ಲವೆಂದು ಪೇಟೆಯ ಮಿತಿ. ಮಧ್ಯಾಹ್ನದ ತರಗತಿ ಮುಗಿಸಿ ನೋಡುವಾಗ ಬೆಲೆ 88ಕ್ಕೆ ತಗುಲಿ ನಿಂತಿತ್ತು. ಕೊಳ್ಳುವವರ ಸಾಲು ಉದ್ದವಾಗಿದೆ, ಮಾರುವವನು ಒಬ್ಬನೂ ಇಲ್ಲ. ಮಿತಿಯಿದೆಯಲ್ಲ, ನಷ್ಟಕ್ಕೂ ಮಿತಿಯಿದೆ ಎಂದುಕೊಂಡಿದ್ದೆ. ಮಿತಿ ಬೆಲೆಗೆ, ನನ್ನ ಕಡಕ್ಕಲ್ಲ. ಮೂರೂವರೆ ಗಂಟೆಗೆ ಪೇಟೆ ಮುಚ್ಚಿತು. ಕೊಡಬೇಕಾದ ಷೇರನ್ನು ಕೊಡದವನ ಪರವಾಗಿ ಪೇಟೆಯವರೇ ಹರಾಜಿನಲ್ಲಿ ಕೊಂಡು ಕೊಡುತ್ತಾರೆ. ಖರ್ಚು ಅವನ ತಲೆಯ ಮೇಲೆ. ನನ್ನ ಪಾಲಿಗೆ ಅದು 96ರಂತೆ ಬಿದ್ದಿತು. ಷೇರಿಗೆ 14ರಂತೆ 840, ಮೇಲೆ ದಂಡ. ಸ್ಕಾಲರ್‌ಶಿಪ್ಪಿನಲ್ಲಿ ಪುಸ್ತಕಕ್ಕೆಂದು ತೆಗೆದಿರಿಸಿದ್ದ ಹಣ ಅದು; ಆ ಅರ್ಧವರ್ಷ ಲೈಬ್ರರಿಯ ಪುಸ್ತಕಗಳಲ್ಲಿಯೇ ಓದಿದೆ. ಸೆಬಿಯು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022-23ನೆಯ ಸಾಲಿನಲ್ಲಿ ಹೀಗೆ ಅಂದಂದೇ ಕೊಂಡು ಮಾರಿದ ಹತ್ತು ಮಂದಿಯಲ್ಲಿ ಏಳು ಮಂದಿಗೆ ನಷ್ಟವಾಗಿದೆ. ಆ ಏಳರಲ್ಲಿ ಸೇರಲು ಚಾನೋಸನ ವಿದ್ಯೆಯೇನೂ ಬೇಕಿಲ್ಲ.

ಈ ಸಂಕ್ರಾಂತಿಗೆ ಊರಿಗೆ ಹೋದಾಗ, 840 ರೂಪಾಯಿಯ ಮಾತನ್ನು ಬಿಟ್ಟು, ಉಳಿದುದನ್ನೆಲ್ಲ ತಂದೆಯವರಿಗೆ ಹೇಳಿದೆ. ಎತ್ತು ರಾಗಿಗಳ ಭೇದವನ್ನು ಅವರು ಕೂಡಲೇ ಒಪ್ಪಿದರು. ವೈರ್‌ಕಾರ್ಡಿನ ಕಥೆಗೆ, “ಹಂಗಾದ್ರೆ ಕೂಗಿದೋನ ಬಾಯಿಗೇ ಹೊಡೆದ್ರು ಅನ್ನು” ಎಂದು ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದನ್ನು ಕೇಳಿದರು: “ಆ ಹತ್ತು ಮೂಟೆ ಕಡ ಕೊಟ್ಟೋನಿಗೆ ಗೊತ್ತಿರ್ತದಾ, ಇವನು ಅದನ್ನ ಮಾರೋಕೆ ತಗೊಂಡೋಗ್ತಾವ್ನೆ ಅಂತ?”

ನಾಲ್ಕು ನೂರು ವರ್ಷಗಳ ವಾದದಲ್ಲಿ ಈ ಮಾತನ್ನು ನಾನು ಗಮನಿಸಿರಲಿಲ್ಲ. ಕಾಲೇಜಿಗೆ ಹಿಂದಿರುಗಿ ಹುಡುಕಿದೆ. ಅಮೆರಿಕದಲ್ಲಿ ದಲ್ಲಾಳಿಯಿಂದ ಸಾಲ ಪಡೆದು ಷೇರು ಕೊಂಡವನ ಷೇರುಗಳನ್ನು ದಲ್ಲಾಳಿಯು ಇತರರಿಗೆ ಕಡ ಕೊಡಬಹುದು. ಖಾತೆ ತೆರೆಯುವಾಗ ಸಹಿ ಹಾಕಿದ ಕಾಗದದಲ್ಲಿ ಅದಕ್ಕೆ ಒಪ್ಪಿಗೆ ಇರುತ್ತದೆ; ಓದಿ ಸಹಿ ಮಾಡಿದವರೆಷ್ಟು ಮಂದಿಯೋ. ಷೇರು ಕಡ ಹೋದ ಮೇಲೆ ಕಂಪನಿಯ ಸಭೆಯಲ್ಲಿ ಅದರ ಮತ ಹಾಕುವ ಹಕ್ಕೂ ಅದರ ಜೊತೆಯಲ್ಲಿಯೇ ಹೋಗುತ್ತದೆ. ನಮ್ಮ ದೇಶದ 2008ರ ಏರ್ಪಾಟಿನಲ್ಲಿ ಮಾತ್ರ, ಕಡ ಕೊಡುವವನು ಎಷ್ಟು ಷೇರು, ಎಷ್ಟು ತಿಂಗಳಿಗೆ, ಎಷ್ಟು ಶುಲ್ಕಕ್ಕೆ ಎಂದು ತಾನೇ ಮುಂದೆ ಬಂದು ಹೇಳಬೇಕು; ನಡುವೆ ಲಾಭಾಂಶ ಬಂದರೆ ಅದು ಅವನಿಗೇ ಸಲ್ಲಬೇಕು. ಇದನ್ನು ಫೋನಿನಲ್ಲಿ ತಿಳಿಸಿದಾಗ ತಂದೆಯವರು, “ಹೇಳಿ ತಗೊಂಡ್ರೆ ಸರಿ” ಎಂದು, ಊರಿನಲ್ಲಿ ರಾಗಿಯ ಬೆಲೆ ಎಷ್ಟಾಗಿದೆಯೆಂಬ ಮಾತಿಗೆ ತಿರುಗಿದರು.